ಹರಳೆಣ್ಣೆ, ಬಿರಡೆ, ಕಲ್ನಾರು: ಕ್ಲಚ್ಚಿನ ಚರಿತ್ರೆಯ ಕೆಲವು ಪುಟಗಳು

ನಮ್ಮ ರೂಮಿನ ಅಣ್ಣ ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೆಕ್ಯಾನಿಕ್. ಊರು ಬೈಂದೂರು ಕಡೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬದಲಿಸುವ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದವರು. ಕಳೆದ ಚಳಿಗಾಲದ ಒಂದು ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ, ಅವರನ್ನು ಕರೆದುಕೊಂಡು ಬರೋಣವೆಂದು ಗ್ಯಾರೇಜಿಗೆ ಹೋದೆವು. ಲಿಫ್ಟಿನ ಮುಂದೆ ಎರಡು ಬಾಗಿಲಿನ ಒಂದು ನಿಸ್ಸಾನ್ 350ಝಡ್ ನಿಂತಿತ್ತು. ಮ್ಯಾನ್ಯುವಲ್ ಗೇರು. ಅದರ ಮಾಲೀಕ ಇನ್ನೂ ಮೀಸೆ ಬಲಿಯದ ಹುಡುಗ. ಎಂಜಿನಿಗೆ ಟರ್ಬೊ ಹಾಕಿಸಿದ್ದನಂತೆ. ಹಾಕಿಸಿದ ಮೇಲೆ ಮೊದಲಿನ ಕ್ಲಚ್ ಸ್ಲಿಪ್ ಆಗತೊಡಗಿತು: ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಅದಕ್ಕೆ ಬೇರೆಲ್ಲೋ ಹೋಗಿ ರೇಸಿಂಗ್ ಕ್ಲಚ್ ಕೂರಿಸಿಕೊಂಡು ಬಂದಿದ್ದ. ಈಗ ಸ್ಲಿಪ್ ಇಲ್ಲ, ಸರಿ. ಆದರೆ ಸಿಗ್ನಲ್ಲಿನಲ್ಲಿ ಕಾರು ಎತ್ತುವಾಗ ಕರುವಿನಂತೆ ಕುಪ್ಪಳಿಸುತ್ತದೆ, ಪೆಡಲ್ ಒತ್ತಿ ಒತ್ತಿ ಎಡಗಾಲು ಸೋತು ಹೋಗುತ್ತದೆ. ಶಾರ್ಜಾ-ದುಬೈ ರಸ್ತೆಯ ಸಂಜೆಯ ಟ್ರಾಫಿಕ್ ಕಂಡವರಿಗೆ ಆ ಕಾಲಿನ ಕಷ್ಟವನ್ನು ನಾವು ವಿವರಿಸಬೇಕಿಲ್ಲ.

ಅಣ್ಣ ಒಂದು ಸುತ್ತು ಓಡಿಸಿ ಬಂದರು. ಇಳಿದವರೇ, "ಎಂತ ಮರಾಯ್ರೆ, ಇದು ಕ್ಲಚ್ ಅಲ್ಲ, ಸ್ವಿಚ್. ಒಂದೋ ಆನ್, ಇಲ್ಲಾ ಆಫ್. ಜಾರದೇ ಇದ್ರೆ ಅದು ಕ್ಲಚ್ ಹೇಗೆ ಆತ್ತ್?" ಎಂದರು. ಆಮೇಲೆ ಗೋಡೆಗೆ ಕೈಕೊಟ್ಟು ಒಂದು ನಿಮಿಷ ಕೆಮ್ಮಿದರು.

ಆ ಕೆಮ್ಮು ಎರಡು ತಿಂಗಳಿಂದ ನಮ್ಮ ರೂಮಿನಲ್ಲಿತ್ತು. ಮುಂದಿನ ತಿಂಗಳು ಅವರ ವೀಸಾ ನವೀಕರಣದ ಮೆಡಿಕಲ್. ಎದೆಯ ಎಕ್ಸ್‌ರೇ ಎಂದರೆ ನಮ್ಮವರಿಗೆ ಎಂಥ ನಡುಕ ಎಂಬುದು ಈ ಸಂಚಿಕೆ ಓದುವ ಎಲ್ಲರಿಗೂ ಗೊತ್ತು. ಮೂವತ್ತು ವರ್ಷ ಕ್ಲಚ್ಚಿನ ಧೂಳು ಕುಡಿದ ಎದೆಯಲ್ಲಿ ಏನಿದೆ ಎಂದು ಅವರಿಗೂ ಭಯ, ನಮಗೂ ಭಯ. ಆ ಭಯದಲ್ಲೇ ನಾವು ಕ್ಲಚ್ಚಿನ ಬಗ್ಗೆ ಓದಲು ಶುರು ಮಾಡಿದ್ದು. ಓದುತ್ತ ಹೋದಂತೆ ಅಚ್ಚರಿಯಾಯಿತು. ಇದು ಬರೀ ಕಬ್ಬಿಣದ ಕತೆಯೆಂದುಕೊಂಡಿದ್ದೆವು. ಅರ್ಧ ಕತೆ ನಮ್ಮ ಔಷಧದ ಕಪಾಟಿನಲ್ಲೇ ಇತ್ತು.

ಮೊದಲನೆಯದಾಗಿ, ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಒಂದು ಔಷಧಿ ಅಂಗಡಿ. ಇದನ್ನು ಹೇಳುವಾಗ ಡಿ.ಫಾರ್ಮಾದವರಾದ ನಮಗೆ ಸ್ವಲ್ಪ ಜಂಭವೇ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಜನ ನಂಬಲಿಲ್ಲ, ಕೊಳ್ಳಲೂ ಇಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೂ ಹೇಳದೆ, ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲಿ ಹೊರಟಳು. ಸುಮಾರು ನೂರು ಕಿಲೋಮೀಟರು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೊಖ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಟ್ಯಾಂಕಿಗೆ ಸುರಿದಳು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಒಬ್ಬ ಚಮ್ಮಾರನ ಹತ್ತಿರ ನಿಲ್ಲಿಸಿ ಬ್ರೇಕಿನ ಕಟ್ಟೆಗೆ ತೊಗಲು ಹೊಡೆಸಿದಳು. ಕ್ಲಚ್ ಲೈನಿಂಗ್, ಬ್ರೇಕ್ ಲೈನಿಂಗ್ ಎಂದು ನಾವು ಇವತ್ತು ಕರೆಯುವ ವಸ್ತುವಿನ ವಂಶಾವಳಿಯಲ್ಲಿ ಆ ತೊಗಲಿನ ತುಂಡಿಗೂ ಒಂದು ಜಾಗವಿದೆ.

ಬೆಂಜ್ ಗಾಡಿಯಲ್ಲಿ ಈಗಿನಂಥ ಕ್ಲಚ್ ಇರಲಿಲ್ಲ. ಇದ್ದದ್ದು ನಮ್ಮ ಊರಿನ ಹಿಟ್ಟಿನ ಗಿರಣಿಯ ಏರ್ಪಾಡು. ಗಿರಣಿಯಲ್ಲಿ ಎಂಜಿನ್ ಸದಾ ತಿರುಗುತ್ತಲೇ ಇರುತ್ತದೆ. ಪಕ್ಕಪಕ್ಕ ಎರಡು ರಾಟೆ. ಒಂದು ಶಾಫ್ಟಿಗೆ ಬಿಗಿದದ್ದು, ಇನ್ನೊಂದು ಸುಮ್ಮನೆ ಸುತ್ತುವಂಥದ್ದು. ಬೆಲ್ಟನ್ನು ಸಡಿಲ ರಾಟೆಯ ಮೇಲಿಟ್ಟರೆ ಕಲ್ಲು ನಿಲ್ಲುತ್ತದೆ, ಬಿಗಿ ರಾಟೆಗೆ ತಳ್ಳಿದರೆ ನಿಧಾನಕ್ಕೆ ಜಾರುತ್ತ ಜಾರುತ್ತ ಹಿಡಿದುಕೊಂಡು ಕಲ್ಲನ್ನು ತಿರುಗಿಸುತ್ತದೆ. ಬೆಂಜ್ ಮಾಡಿದ್ದೂ ಅದನ್ನೇ. ಆ ಜಾರಿಕೆ ಇಲ್ಲದಿದ್ದರೆ ನಿಂತಿರುವ ಕಲ್ಲಿಗೆ ಓಡುತ್ತಿರುವ ಎಂಜಿನ್ ಒಮ್ಮೆಲೇ ಸಿಕ್ಕಿ, ಒಂದೋ ಬೆಲ್ಟು ಹರಿಯಬೇಕು, ಇಲ್ಲ ಎಂಜಿನ್ ನಿಲ್ಲಬೇಕು. ಅಣ್ಣ ಹೇಳಿದ್ದು ಇದನ್ನೇ.

ಎಂಜಿನ್ನಿನ ಬಲ ಹೆಚ್ಚಿದಂತೆ ಬೆಲ್ಟು ಸಾಲದಾಯಿತು. ಆಗ ಬಂದದ್ದು ಕೋನ್ ಕ್ಲಚ್. ಮನೆಯಲ್ಲಿ ಒಂದು ಸ್ಟೀಲ್ ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಿಕೊಂಡು ಬಿಡದೆ ಸತಾಯಿಸುವುದು ಉಂಟಲ್ಲ, ಅದೇ ತತ್ತ್ವ. ಫ್ಲೈವೀಲಿನಲ್ಲಿ ಒಂದು ಬಟ್ಟಲು, ಅದರೊಳಗೆ ಹೊಕ್ಕುವ ಒಂದು ಶಂಕು, ಶಂಕುವಿನ ಹೊರಮೈಗೆ ತೊಗಲು. ಸಣ್ಣ ಸ್ಪ್ರಿಂಗಿನ ಬಲವೂ ಆ ಓರೆಯಿಂದಾಗಿ ದೊಡ್ಡ ಹಿಡಿತವಾಗುತ್ತದೆ. ಆದರೆ ತೊಗಲು ಬಲು ಮುಂಗೋಪಿ. ಒಣಗಿದರೆ ಗಬಕ್ಕನೆ ಹಿಡಿದು ಕಾರನ್ನು ಎಗರಿಸುತ್ತದೆ, ಎಣ್ಣೆ ಹತ್ತಿದರೆ ಜಾರುತ್ತದೆ. ಅದಕ್ಕೆ ಆಗಿನ ಡ್ರೈವರುಗಳು ಇಟ್ಟುಕೊಳ್ಳುತ್ತಿದ್ದ ಮದ್ದು ಕೇಳಿ: ಒಣಗಿದ ತೊಗಲಿಗೆ ಹರಳೆಣ್ಣೆ, ಎಣ್ಣೆ ಹತ್ತಿದ ತೊಗಲಿಗೆ ಮುಲ್ತಾನಿ ಮಿಟ್ಟಿ! ಹರಳೆಣ್ಣೆ ನಮ್ಮ ಅಜ್ಜಿಯಂದಿರು ಹೊಟ್ಟೆ ತೊಳೆಯಲು ಕುಡಿಸುತ್ತಿದ್ದದ್ದು. ಮುಲ್ತಾನಿ ಮಿಟ್ಟಿ ಮುಖಕ್ಕೆ ಹಚ್ಚುವುದು ಎಲ್ಲರಿಗೂ ಗೊತ್ತು. ಪ್ಯಾರಾಕ್ವಾಟ್ ಕಳೆನಾಶಕ ಕುಡಿದವರಿಗೆ ವಿಷ ಹೀರಲೆಂದು ಅದೇ ಮಣ್ಣನ್ನು ಕಲಕಿ ಕುಡಿಸುತ್ತಿದ್ದರು ಎಂಬುದು ಫಾರ್ಮಸಿಯವರಿಗೆ ಗೊತ್ತು. ಹೀರಿಕೊಳ್ಳುವ ಗುಣವೇ ಅಲ್ಲೂ ಕೆಲಸ ಮಾಡಿದ್ದು. ಅಂದರೆ ನೂರಿಪ್ಪತ್ತು ವರ್ಷದ ಹಿಂದೆ ಕ್ಲಚ್ ಕೆಟ್ಟರೆ ಮೆಕ್ಯಾನಿಕ್ಕಿಗಿಂತ ಮೊದಲು ನಮ್ಮಂಥವರ ಅಂಗಡಿಗೆ ಬಂದಿರುತ್ತಿದ್ದರು.

ಕಪಾಟಿನ ಮೂರನೆಯ ವಸ್ತು ಬಿರಡೆ. ಔಷಧದ ಸೀಸೆಗೆ ಹಾಕುತ್ತಿದ್ದ ಆ ಕಾರ್ಕ್ ಬಿರಡೆಯೇ. ಲೋಹದ ತಟ್ಟೆಯಲ್ಲಿ ತೂತುಗಳನ್ನು ಕೊರೆದು, ತೂತಿಗೊಂದರಂತೆ ಕಾರ್ಕ್ ತುಂಡು ಕೂರಿಸಿ, ಇಡೀ ಕ್ಲಚ್ಚನ್ನು ಎಣ್ಣೆಯಲ್ಲಿ ಓಡಿಸುವುದು. ಕಾರ್ಕ್ ಎಣ್ಣೆಯಲ್ಲಿ ನೆಂದರೂ ಹಿಡಿತ ಬಿಡುವುದಿಲ್ಲ, ಹಿಡಿಯುವುದೂ ಬಹಳ ಮೃದುವಾಗಿ. ಇಂಗ್ಲೆಂಡಿನ ಮೋರಿಸ್ ಕಾರುಗಳಲ್ಲಿ ಈ ಕ್ಲಚ್ ಇತ್ತು. ಅಮೆರಿಕದ ಹಡ್ಸನ್ ಕಂಪನಿಯಂತೂ 1954ರವರೆಗೂ ಇದನ್ನು ಬಿಡಲಿಲ್ಲ. ಮೋರಿಸ್ ಎಂದಾಗ ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಒಂದು ಮಾತು: ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್ ಎಂಬ ಮಾರಾಟ-ರಿಪೇರಿ ಅಂಗಡಿಯ ಮ್ಯಾನೇಜರ್ ಸೆಸಿಲ್ ಕಿಂಬರ್, 1920ರ ದಶಕದಲ್ಲಿ ಸಾಧಾರಣ ಮೋರಿಸ್ ಕಾರುಗಳನ್ನು ಮಾಡಿಫೈ ಮಾಡಿ ಚುರುಕು ಕಾರುಗಳಾಗಿ ಮಾರಲು ಶುರು ಮಾಡಿದ. ಮೋರಿಸ್ ಗ್ಯಾರೇಜಸ್‌ನ ಎರಡು ಮೊದಲಕ್ಷರ ಸೇರಿ ಆದದ್ದೇ ಎಂಜಿ. ಈಗ ಚೀನಾದ ಒಡೆತನದಲ್ಲಿ ಇಲ್ಲಿನ ರಸ್ತೆಗಳಲ್ಲೆಲ್ಲ ಕಾಣುತ್ತದಲ್ಲ, ಅದೇ ಹೆಸರು. ಗ್ಯಾರೇಜಿನಲ್ಲಿ ಕಾರು ಬಿಚ್ಚಿ ಬದಲಿಸುವ ಚಟ ಇವತ್ತಿನ ಹುಡುಗರದ್ದೇನೂ ಅಲ್ಲ.

ಮಧ್ಯೆ ಇನ್ನೂ ಹಲವು ಪ್ರಯೋಗಗಳು ನಡೆದವು. 1901ರ ಮರ್ಸಿಡಿಸ್‌ನಲ್ಲಿ ವಿಲ್ಹೆಲ್ಮ್ ಮೇಬಾಖ್ ಸುರುಳಿ ಸ್ಪ್ರಿಂಗಿನ ಕ್ಲಚ್ ಇಟ್ಟ. ಲಿವರ್‌ಪೂಲಿನ ಪ್ರೊಫೆಸರ್ ಹೀಲಿ-ಶಾ ಹತ್ತಾರು ತೆಳು ತಟ್ಟೆಗಳನ್ನು ಎಣ್ಣೆಯಲ್ಲಿ ಜೋಡಿಸಿದ. ಫ್ರಾನ್ಸಿನ ದ ದಿಯೋ-ಬೂತೋ ಕಂಪನಿ ಒಂದೇ ತಟ್ಟೆಯ ಕ್ಲಚ್ ಮಾಡಿತು. ಕೊನೆಗೆ ಗೆದ್ದದ್ದು ಆ ಒಂಟಿ ತಟ್ಟೆಯೇ, ಇವತ್ತು ನಾವು ಕ್ಲಚ್ ಪ್ಲೇಟ್ ಎಂದು ಕೇಳಿ ತರುವುದು. ಆದರೆ ಅದು ಗೆಲ್ಲಬೇಕಾದರೆ ತೊಗಲಿಗಿಂತ, ಕಾರ್ಕಿಗಿಂತ ಹೆಚ್ಚು ಕಾವು ತಡೆಯುವ ಒಂದು ಲೈನಿಂಗ್ ಬೇಕಿತ್ತು. ಒಂಟಿ ತಟ್ಟೆಗೆ ಇರುವುದು ಎರಡೇ ಮುಖ. ಕಾರನ್ನು ಎತ್ತುವಾಗ ಆಗುವ ಉಜ್ಜಾಟದ ಕಾವೆಲ್ಲ ಆ ಎರಡು ಮುಖಗಳ ಮೇಲೆಯೇ. ತೊಗಲಾದರೆ ಕರಕಲಾಗುತ್ತದೆ.

ಇಲ್ಲಿಂದ ಕತೆ ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಿಗೆ ಹೋಗುತ್ತದೆ. ಹರ್ಬರ್ಟ್ ಫ್ರೂಡ್ ಎಂಬವನು ಅಲ್ಲಿನ ಕಡಿದಾದ ಇಳಿಜಾರುಗಳಲ್ಲಿ ರೈತರು ಗಾಡಿಯ ಮರದ ಬ್ರೇಕಿಗೆ ಹಳೆಯ ಬೂಟಿನ ತುಂಡು ಸಿಕ್ಕಿಸಿ ಇಳಿಯುವುದನ್ನು ಗಮನಿಸಿದ. ಬರ್ತಾ ಬೆಂಜಳ ಚಮ್ಮಾರನ ಉಪಾಯವೇ ಇಲ್ಲಿಯೂ. 1897ರಲ್ಲಿ ಅವನು ಕೂದಲು, ಹತ್ತಿಯಿಂದ ನೇಯ್ದ ಪಟ್ಟಿಗೆ ಅಂಟು ಊಡಿಸಿ ಬ್ರೇಕಿನ ಲೈನಿಂಗ್ ಮಾಡಲು ಹೊರಟ. ಆ ಕಾಲದಲ್ಲಿ ಒಂಟೆಯ ಕೂದಲಿನ ಪಟ್ಟಿಗಳೂ ಬ್ರೇಕಿಗೆ ಬಳಕೆಯಾಗುತ್ತಿದ್ದವು, ಮರುಭೂಮಿಯಲ್ಲಿ ಕೂತು ಓದುವವರಿಗೆ ಹೇಳಲೇಬೇಕಾದ ಸಂಗತಿ. ಫ್ರೂಡ್‌ನ ಕಂಪನಿಯ ಹೆಸರು ಫೆರೋಡೊ. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲ ಅಕ್ಷರವನ್ನು ಸೇರಿಸಿ ಮಾಡಿದ್ದು. ಇವತ್ತೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಆ ಡಬ್ಬ ಸಿಗುತ್ತದೆ. ಮೋಟಾರು ಗಾಡಿಗಳು ಬಂದಾಗ ಕೂದಲು, ಹತ್ತಿ ಸುಟ್ಟುಹೋಗತೊಡಗಿದವು. 1908ರ ಹೊತ್ತಿಗೆ ಫ್ರೂಡ್ ಕೈಹಾಕಿದ್ದು ಕಲ್ನಾರಿಗೆ.

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತಾರೆ. ಕಲ್ಲಿನ ನಾರು. ಇದಕ್ಕಿಂತ ಒಳ್ಳೆಯ ಹೆಸರು ಯಾವ ಭಾಷೆಯಲ್ಲೂ ಇರಲಾರದು ಎಂದು ನಮ್ಮ ಅಭಿಪ್ರಾಯ. ಅದು ನಿಜಕ್ಕೂ ಕಲ್ಲು, ನಿಜಕ್ಕೂ ನಾರು. ಹತ್ತಿಯಂತೆ ನೂಲಬಹುದು, ನೇಯಬಹುದು. ಬೆಂಕಿಗೆ ಹಾಕಿದರೆ ಉರಿಯುವುದಿಲ್ಲ. ಅಗ್ಗ. ಉಜ್ಜಿದರೆ ಹಿಡಿಯುತ್ತದೆ, ಆದರೆ ತೊಗಲಿನಂತೆ ಮುಂಗೋಪವಿಲ್ಲ. ರಾಳದಲ್ಲಿ ಕಲಸಿ ಒತ್ತಿದರೆ ಎಷ್ಟು ಬೇಕಾದರೂ ತಟ್ಟೆಗಳು. ಕ್ಲಚ್ಚಿಗೆ ಹೇಳಿ ಮಾಡಿಸಿದ ವಸ್ತು. ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಬಹುಪಾಲು ಕಾರು, ಬಸ್ಸು, ಲಾರಿಗಳ ಒಣ ಕ್ಲಚ್ಚಿನಲ್ಲಿ ಕಲ್ನಾರೇ ಇತ್ತು. ರೇಸಿನ ಕಾರುಗಳಲ್ಲೂ, ಆಗುಂಬೆ ಘಾಟಿಯಲ್ಲಿ ಹಾಫ್ ಕ್ಲಚ್ಚಿನ ಮೇಲೆ ತಿರುವು ಹತ್ತುತ್ತಿದ್ದ ನಮ್ಮ ಬಸ್ಸುಗಳಲ್ಲೂ. ಬಸ್ಸಿನೊಳಗೆ ಸುಟ್ಟ ಕ್ಲಚ್ಚಿನ ವಾಸನೆ ಬಂದರೆ ನಾವು ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು.

ಫ್ರೂಡ್‌ನ ಕಾರ್ಖಾನೆ ಇದ್ದದ್ದು ಮ್ಯಾಂಚೆಸ್ಟರಿನ ಒಂದು ಬದಿಗೆ. ಇನ್ನೊಂದು ಬದಿಯ ರಾಚ್‌ಡೇಲ್ ಎಂಬ ಊರಿನಲ್ಲಿ ಟರ್ನರ್ ಬ್ರದರ್ಸ್ ಎಂಬವರ ಕಲ್ನಾರು ನೂಲುವ ಕಾರ್ಖಾನೆ ಇತ್ತು. ಅಲ್ಲಿ ನೆಲ್ಲಿ ಕರ್ಶಾ ಎಂಬ ಹೆಂಗಸು ಕೆಲಸಕ್ಕಿದ್ದಳು. 1891ರಲ್ಲಿ ಹುಟ್ಟಿದವಳು, ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ಗಿರಣಿ ಸೇರಿದವಳು. ಕಲ್ನಾರನ್ನು ನೂಲಾಗಿಸುವುದು ಅವಳ ಕೆಲಸ. 1922ರಲ್ಲಿ ಉಸಿರಾಡಲಾಗದೆ ಕೆಲಸ ಬಿಟ್ಟಳು. ಡಾಕ್ಟರು ಕಲ್ನಾರಿನ ವಿಷ ಎಂದು ಬರೆದುಕೊಟ್ಟರು. ಆಗ ಶುರುವಾಯಿತು ನೋಡಿ ತಿರುಗಾಟ. ಇದು ಕೆಲಸದಿಂದ ಬಂದ ಕಾಯಿಲೆ, ನಾವು ಕೊಡುವುದಿಲ್ಲ ಎಂದಿತು ಆರೋಗ್ಯ ವಿಮೆ. ಅಂಥದ್ದೊಂದು ಕಾಯಿಲೆಯೇ ಇಲ್ಲ ಎಂದಿತು ಕಂಪನಿ. ವಿಮೆಗೂ ಕಂಪನಿಗೂ ನಡುವೆ ಕಾಗದ ಹಿಡಿದುಕೊಂಡು ಓಡಾಡಿದ ಅನುಭವ ಇಲ್ಲಿ ಎಷ್ಟು ಜನರಿಗಿದೆಯೋ! ಫಾರ್ಮಸಿಯ ಕಿಟಕಿಯಲ್ಲಿ ನಿಂತು ಅಂಥವರನ್ನು ವಾರಕ್ಕೊಬ್ಬರನ್ನಾದರೂ ನಾವು ನೋಡುತ್ತೇವೆ. 1924ರ ಮಾರ್ಚಿನಲ್ಲಿ ನೆಲ್ಲಿ ತೀರಿಕೊಂಡಳು. ಮೂವತ್ತಮೂರು ವರ್ಷ. ಹೆಸರಿನ ಕಲ್ಲೂ ಇಲ್ಲದ ಸಮಾಧಿ. ಶವ ಪರೀಕ್ಷೆ ಮಾಡಿದ ಡಾಕ್ಟರ್ ಕುಕ್ ಅವಳ ಶ್ವಾಸಕೋಶದಲ್ಲಿ ಕಂಡ ಕಲ್ಲಿನ ಚೂರುಗಳ ಬಗ್ಗೆ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆ ಕಾಯಿಲೆಗೆ ಆಸ್‌ಬೆಸ್ಟೋಸಿಸ್ ಎಂಬ ಹೆಸರು 1927ರಲ್ಲಿ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಟರ್ನರ್ ಬಳಗವು ಫೆರೋಡೊವನ್ನು ಕೊಂಡುಕೊಂಡಿತು. ನೂಲುವವರು, ಲೈನಿಂಗ್ ಮಾಡುವವರು ಒಂದೇ ಮನೆಯವರಾದರು.

1930ರಲ್ಲಿ ಬ್ರಿಟನ್ನಿನ ಸರಕಾರಿ ವೈದ್ಯ ಮೆರ್ವೆದರ್ ಮತ್ತು ಎಂಜಿನಿಯರ್ ಪ್ರೈಸ್ ವರದಿ ಕೊಟ್ಟರು: ಪರೀಕ್ಷಿಸಿದ 363 ಕಲ್ನಾರು ಕೆಲಸಗಾರರಲ್ಲಿ 95 ಮಂದಿಯ ಶ್ವಾಸಕೋಶ ಗಟ್ಟಿಯಾಗಿತ್ತು. 1931ರಲ್ಲಿ ಕಾನೂನೂ ಬಂತು. ಆದರೆ ಅದು ಕಲ್ನಾರು ಕಾರ್ಖಾನೆಗಳ ಧೂಳಿಗೆ ಮಾತ್ರ. ಆ ಲೈನಿಂಗನ್ನು ಗ್ಯಾರೇಜಿನಲ್ಲಿ ಕೊರೆದು, ರಿವೆಟ್ ಹೊಡೆದು, ಉಜ್ಜಿ, ಊದುವವನು ಅದರಲ್ಲಿ ಇರಲಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಸಂಗಡಿಗರು ನೀಲಿ ಕಲ್ನಾರಿನ ಗಣಿ ಸೀಮೆಯಲ್ಲಿ ಶ್ವಾಸಕೋಶದ ಹೊದಿಕೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರಿನ 33 ಪ್ರಕರಣಗಳನ್ನು ಮುಂದಿಟ್ಟರು. ಅದು ಧೂಳು ಕುಡಿದ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ನಂತರ ಮೇಲೇಳುವ ಕಾಯಿಲೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ರಾಟ್‌ಫರ್ಡ್ ಎಂಬ ಪಟ್ಟಣದಲ್ಲಿ 1919ರಿಂದ 1989ರವರೆಗೆ ಬ್ರೇಕು, ಕ್ಲಚ್ಚಿನ ಭಾಗಗಳನ್ನು ಮಾಡುತ್ತಿದ್ದ ಒಂದು ಕಾರ್ಖಾನೆ ಇತ್ತು. ಅದರ ಕಸವನ್ನು ಊರಿನ ತಗ್ಗು ತುಂಬಿಸಲು ಬಳಸಿದ್ದರು. ಮನೆಯಂಗಳ, ಆಟದ ಬಯಲು, ಶಾಲೆಯ ಆವರಣ ಎಲ್ಲ ಕಡೆ. ಆ ಮಣ್ಣನ್ನು ಸರಕಾರ ಅಗೆದು ಸರಿಮಾಡುವ ಕೆಲಸ ದಶಕಗಳ ಕಾಲ ನಡೆಯಿತು.

ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಯುಎಇ 2006ರಲ್ಲಿ ಕಲ್ನಾರಿನ ಹಲಗೆಗಳನ್ನು ನಿಷೇಧಿಸಿತು. ಅಮೆರಿಕದ ಪರಿಸರ ಇಲಾಖೆ 1989ರಲ್ಲಿ ನಿಷೇಧ ತಂದಾಗ 1991ರಲ್ಲಿ ಕೋರ್ಟು ಅದರ ಬಹುಭಾಗವನ್ನು ಹೊಡೆದುಹಾಕಿತು. ಬಿಳಿ ಕಲ್ನಾರಿಗೆ ಅಲ್ಲಿ ಮತ್ತೆ ನಿಷೇಧದ ಆದೇಶ ಬಂದದ್ದು 2024ರಲ್ಲಿ. ನಮ್ಮ ದೇಶದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕೆಲಸಗಾರರ ಆರೋಗ್ಯವೂ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಆದರೂ ಬಿಳಿ ಕಲ್ನಾರು ಹೊರದೇಶದಿಂದ ಬರುತ್ತಲೇ ಇತ್ತು, ಮುಖ್ಯವಾಗಿ ಮಾಡಿನ ಶೀಟುಗಳಿಗೆ. ನಮ್ಮ ಎಷ್ಟೋ ಜನರ ಊರಿನ ಕೊಟ್ಟಿಗೆಯ ಮೇಲೆ ಇವತ್ತಿಗೂ ಅದೇ ಶೀಟು.

ಅಣ್ಣನ ವಿಷಯಕ್ಕೆ ಬಂದರೆ, ಅವರು ಹದಿನೇಳನೆಯ ವಯಸ್ಸಿಗೆ ಕುಂದಾಪುರದ ಒಂದು ಲಾರಿ ಗ್ಯಾರೇಜು ಸೇರಿದವರು. ಅಲ್ಲಿ ಹೊಸ ಪ್ಲೇಟ್ ಕೊಳ್ಳುವುದಕ್ಕಿಂತ ಹಳೆಯದಕ್ಕೆ ಲೈನಿಂಗ್ ಹೊಡೆಯುವುದೇ ಹೆಚ್ಚು. ಹುಡುಗರ ಕೆಲಸವೆಂದರೆ ಲೈನಿಂಗಿಗೆ ತೂತು ಕೊರೆಯುವುದು, ರಿವೆಟ್ ಬಡಿಯುವುದು, ಎಮರಿ ಕಾಗದದಲ್ಲಿ ಉಜ್ಜುವುದು, ಆಮೇಲೆ ಬಾಯಿಯಿಂದ ಉಫ್ ಎಂದು ಊದುವುದು. "ಮಧ್ಯಾಹ್ನ ಊಟಕ್ಕೆ ಕೂತ್ರೆ ಮೀಸೆಯೆಲ್ಲ ಬೆಳ್ಳಗೆ. ಅಜ್ಜ ಆದ್ಯಲ್ಲ ಅಂತ ನಗ್ತಿದ್ರು" ಎಂದು ನೆನಪಿಸಿಕೊಂಡರು. ಇಲ್ಲಿಗೆ ಬಂದ ಮೇಲೆ ಬಾಯಿಯ ಬದಲು ಕಂಪ್ರೆಸರ್ ಗಾಳಿ.

ಹೆದರಿಸುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು. ಕ್ಲಚ್ಚಿನ ಕಾವಿನಲ್ಲಿ ಕಲ್ನಾರಿನ ಬಹುಭಾಗ ಬೇರೆ ಖನಿಜವಾಗಿ ಮಾರ್ಪಡುತ್ತದೆ. ಗ್ಯಾರೇಜಿನವರನ್ನು ಹಿಂಬಾಲಿಸಿ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಮೀಸೊಥೀಲಿಯೋಮ ಅವರಲ್ಲಿ ಉಳಿದವರಿಗಿಂತ ಜಾಸ್ತಿಯೆಂದು ತೋರಿಸಿಲ್ಲ. ಈ ಬಗ್ಗೆ ತಜ್ಞರಲ್ಲಿ, ಕೋರ್ಟುಗಳಲ್ಲಿ ಜಗಳ ಮುಗಿದಿಲ್ಲ. ಆದರೆ ಹೊಸ ಲೈನಿಂಗನ್ನು ಕೊರೆಯುವಾಗ, ಉಜ್ಜುವಾಗ ಏಳುವ ಧೂಳು ಸುಟ್ಟ ಧೂಳಲ್ಲ. ಅಣ್ಣ ಹುಡುಗನಾಗಿದ್ದಾಗ ಕುಡಿದದ್ದು ಅದನ್ನೇ. ಡೋಸ್ ಎಷ್ಟು, ಎಷ್ಟು ವರ್ಷ ಎಂದು ಕೇಳುವುದು ನಮ್ಮ ವೃತ್ತಿಯ ಅಭ್ಯಾಸ. ಅವರ ಲೆಕ್ಕ ಹಾಕಲು ಕೂತರೆ ನಮಗೇ ಸಮಾಧಾನವಾಗಲಿಲ್ಲ.

ಕಲ್ನಾರು ಹೋದ ಮೇಲೆ ಏನು ಬಂತು ಎಂಬಲ್ಲಿಂದ ಆ ಹುಡುಗನ ಕಾರಿಗೆ ಮರಳಬಹುದು. ಸಾಧಾರಣ ಕಾರುಗಳ ಲೈನಿಂಗಿಗೆ ಗಾಜಿನ ನಾರು, ತಾಮ್ರದ ಎಳೆ, ರಾಳ, ರಬ್ಬರು ಸೇರಿದ ಮಿಶ್ರಣ. ಗ್ಯಾರೇಜಿನ ಮಾತಿನಲ್ಲಿ ಆರ್ಗ್ಯಾನಿಕ್. ಅದಕ್ಕಿಂತ ಗಟ್ಟಿಯದು ಕೆವ್ಲಾರ್. 1965ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೋಲೆಕ್ ಟೈರಿಗೆ ಬಲ ಕೊಡುವ ನಾರು ಹುಡುಕುತ್ತಿದ್ದಾಗ ಸಿಕ್ಕಿದ್ದು. ಮೆಡಿಕಲ್ ಓದಲು ದುಡ್ಡು ಕೂಡಿಸಲೆಂದು ಆ ಕೆಲಸಕ್ಕೆ ಸೇರಿದ್ದ ಹೆಂಗಸು ಅವರು. ಡಾಕ್ಟರಾಗಲಿಲ್ಲ, ಅವರ ನಾರು ಗುಂಡು ನಿರೋಧಕ ಅಂಗಿಯಾಗಿ ಎಷ್ಟೋ ಜೀವ ಉಳಿಸಿತು. ಇನ್ನೂ ಮೇಲಿನದು ಲೋಹದ ಪುಡಿ, ಸೆರಾಮಿಕ್ ಸೇರಿಸಿ ಕಾಯಿಸಿ ಒತ್ತಿದ ಬಿಲ್ಲೆಗಳು. ಇಡೀ ಸುತ್ತಿನ ಬದಲು ನಾಲ್ಕೋ ಆರೋ ಬಿಲ್ಲೆ. ಹುಡುಗ ಹಾಕಿಸಿಕೊಂಡಿದ್ದು ಈ ಆರು ಬಿಲ್ಲೆಯ ಪ್ಲೇಟು.

ಒಂದು ಕ್ಲಚ್ ಎಷ್ಟು ಬಲವನ್ನು ಹಿಡಿದುಕೊಳ್ಳಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಾಕಾರ: ಲೈನಿಂಗಿನ ಹಿಡಿತದ ಗುಣ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಮಧ್ಯದಿಂದ ಲೈನಿಂಗ್ ಇರುವ ದೂರ, ಉಜ್ಜುವ ಮುಖಗಳ ಸಂಖ್ಯೆ. ಜಗತ್ತಿನಲ್ಲಿ ಯಾರು ಎಷ್ಟೇ ದುಡ್ಡು ತೆಗೆದುಕೊಂಡು ಯಾವ ಸ್ಟೇಜಿನ ಕ್ಲಚ್ ಹಾಕಿದರೂ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಹೆಚ್ಚಿಸಿರುತ್ತಾರೆ, ಅಷ್ಟೇ. ದೂರ ಹೆಚ್ಚಿಸಲು ಫ್ಲೈವೀಲಿನಲ್ಲಿ ಜಾಗವಿಲ್ಲ. ಒತ್ತುವ ಬಲ ಹೆಚ್ಚಿಸಿದರೆ ಪೆಡಲ್ ಭಾರವಾಗುತ್ತದೆ. ಪೆಡಲ್ ಒತ್ತಿದಾಗಲೆಲ್ಲ ಆ ಭಾರ ಕ್ರ್ಯಾಂಕ್ ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ಲೈನಿಂಗಿನ ಹಿಡಿತ ಹೆಚ್ಚಿಸಿದರೆ ಜಾರಿಕೆ ಹೋಗಿ ಕುಪ್ಪಳಿಸಾಟ ಬರುತ್ತದೆ. ಉಳಿದದ್ದು ಮುಖಗಳು. ಒಂದರ ಬದಲು ಎರಡು ಪ್ಲೇಟ್ ಇಟ್ಟರೆ ಮುಖ ನಾಲ್ಕಾಗುತ್ತವೆ. ಅದೇ ಸ್ಪ್ರಿಂಗಿಗೆ ಹಿಡಿತ ಎರಡರಷ್ಟು. ದುಬಾರಿ, ಆದರೆ ಅಡ್ಡಪರಿಣಾಮ ಕಡಿಮೆ. ನೂರು ವರ್ಷದ ಹಿಂದೆ ಪ್ರೊಫೆಸರ್ ಹೀಲಿ-ಶಾ ಕಂಡಿದ್ದ ದಾರಿಯೇ ಇದು.

ಇದರ ಜೊತೆ ಆ ಕಾರಿಗೆ ಇನ್ನೊಂದು ಬದಲಾವಣೆ ಆಗಿತ್ತು. ಕಂಪನಿಯಿಂದ ಬರುವಾಗ 350ಝಡ್‌ನಲ್ಲಿ ಎರಡು ತುಂಡಿನ ಫ್ಲೈವೀಲ್ ಇರುತ್ತದೆ, ನಡುವೆ ಸ್ಪ್ರಿಂಗು. ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ಹೋಗದಂತೆ ತಡೆಯುವ ಏರ್ಪಾಡು. ಜರ್ಮನಿಯ ಲುಕ್ ಕಂಪನಿ ಇಂಥದ್ದನ್ನು ತಯಾರಿಕೆಗೆ ತಂದದ್ದು 1985ರಲ್ಲಿ. 1965ರಲ್ಲಿ ಹುಟ್ಟಿದ ಈ ಕಂಪನಿಯೇ ಹಲವು ಸುರುಳಿ ಸ್ಪ್ರಿಂಗುಗಳ ಬದಲು ಒಂದೇ ತಟ್ಟೆ ಸ್ಪ್ರಿಂಗ್ ಇರುವ ಕ್ಲಚ್ಚನ್ನು ಫೋಕ್ಸ್‌ವ್ಯಾಗನ್ ಕಾರುಗಳಿಗೆ ಕೊಟ್ಟು ನಮ್ಮೆಲ್ಲರ ಕಾಲನ್ನು ಹಗುರ ಮಾಡಿದ್ದು. ಹುಡುಗನ ಕಾರಿನಲ್ಲಿ ಎರಡು ತುಂಡಿನದನ್ನು ತೆಗೆದು ಹಗುರವಾದ ಒಂದೇ ತುಂಡಿನ ಫ್ಲೈವೀಲ್ ಹಾಕಿದ್ದರು. ಪ್ಲೇಟಿನ ನಡುವಿನ ಸ್ಪ್ರಿಂಗುಗಳೂ ಇರಲಿಲ್ಲ. ನಡುಕವನ್ನು ನುಂಗುವ ಎರಡೂ ಜಾಗಗಳು ಮಾಯ. ನ್ಯೂಟ್ರಲ್ಲಿನಲ್ಲಿ ನಿಂತರೆ ಡಬ್ಬದಲ್ಲಿ ಅಡಕೆ ಕುಲುಕಿದ ಹಾಗೆ ಸದ್ದು.

ಅಣ್ಣ ಹುಡುಗನಿಗೆ ಮೂರೇ ಪ್ರಶ್ನೆ ಕೇಳಿದರು. ಎಂಜಿನ್ ಈಗ ಎಷ್ಟು ಕುದುರೆ? ದಿನಾ ಎಲ್ಲಿ ಓಡಿಸುವುದು? ಟ್ರ್ಯಾಕಿಗೆ ವರ್ಷಕ್ಕೆ ಎಷ್ಟು ಸಲ? ನಾವು ಕಿಟಕಿಯಲ್ಲಿ ತೂಕ ಎಷ್ಟು, ವಯಸ್ಸು ಎಷ್ಟು, ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳುವಂತೆಯೇ ಇತ್ತು. ಟ್ರ್ಯಾಕಿಗೆ ಒಂದು ಸಲವೂ ಹೋಗಿಲ್ಲ ಎಂದು ಹುಡುಗ ಒಪ್ಪಿಕೊಂಡ. ಎರಡು ಪ್ಲೇಟಿನ, ಸುತ್ತಲೂ ಆರ್ಗ್ಯಾನಿಕ್ ಲೈನಿಂಗ್ ಇರುವ, ನಡುವೆ ಸ್ಪ್ರಿಂಗ್ ಇರುವ ಸೆಟ್ ತರಿಸೋಣ ಎಂದು ತೀರ್ಮಾನವಾಯಿತು. ಅಗ್ಗಕ್ಕೆ ಬೇರೆ ಸಿಗುತ್ತದೆ ಎಂದು ಹುಡುಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬಿಳಿ ಡಬ್ಬ, ತಯಾರಕರ ಹೆಸರಿಲ್ಲ, ಒಳಗೆ ಏನು ಸೇರಿದೆ ಎಂದು ಬರೆದಿಲ್ಲ. ಲೇಬಲ್ ಇಲ್ಲದ ಮಾತ್ರೆಯನ್ನು ನಾವು ಯಾರಿಗೂ ಕೊಡುವುದಿಲ್ಲ. ಅಣ್ಣನೂ ತಲೆ ಅಲ್ಲಾಡಿಸಿದರು. ಹೆಸರಿಲ್ಲದ ಡಬ್ಬದಲ್ಲಿ ಕಲ್ನಾರು ಇದೆಯೋ ಇಲ್ಲವೋ ಕಣ್ಣಿನಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ, ಲ್ಯಾಬಿನಲ್ಲೇ ನೋಡಬೇಕು.

ಇನ್ನೆಷ್ಟು ಕಾಲ ಈ ಕೆಲಸ ಇರುತ್ತದೋ ಎಂಬ ಯೋಚನೆಯೂ ಅಣ್ಣನಿಗಿದೆ. 1989ರಲ್ಲಿ ಫೆರಾರಿ ರೇಸ್ ಕಾರು ಸ್ಟೀರಿಂಗಿನ ಹಿಂದಿನ ಪಟ್ಟಿಯಿಂದ ಗೇರ್ ಬದಲಿಸಿ ಬ್ರೆಜಿಲ್‌ನಲ್ಲಿ ಗೆದ್ದಂದೇ ಕ್ಲಚ್ ಪೆಡಲಿನ ಮುಪ್ಪು ಶುರುವಾಯಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು ಮಾಮೂಲಿ ಕಾರಿಗೆ ತಂದಿತು. ಈಗ ಹೊಸ ಸ್ಪೋರ್ಟ್ಸ್ ಕಾರುಗಳಲ್ಲಿ ಮೂರನೆಯ ಪೆಡಲ್ ಅಪರೂಪ, ಬ್ಯಾಟರಿ ಕಾರಿನಲ್ಲಿ ಇಲ್ಲವೇ ಇಲ್ಲ. ಉಳಿದಿರುವುದು ಈ ಹುಡುಗನಂಥ ಹುಚ್ಚರು, ಮತ್ತೆ ಮರಳುಗುಡ್ಡ ಹತ್ತುವ ಹಳೆಯ ಪೆಟ್ರೋಲ್ ನಿಸ್ಸಾನ್ ಪಟ್ರೋಲುಗಳು.

ವಾರದ ನಂತರ ಸೆಟ್ ಬಂತು. ಆ ದಿನವೂ ನಾವು ಗ್ಯಾರೇಜಿನಲ್ಲಿದ್ದೆವು. ಗೇರ್‌ಬಾಕ್ಸ್ ಇಳಿಸಿದಾಗ ಹೊದಿಕೆಯೊಳಗೆ ಕಪ್ಪು ಧೂಳು ಗೆರೆಗಟ್ಟಿತ್ತು. ಹೆಲ್ಪರ್ ಹುಡುಗ ಅಭ್ಯಾಸಬಲದಿಂದ ಗಾಳಿಯ ಪೈಪಿಗೆ ಕೈಹಾಕಿದ. ಅಣ್ಣ ಬೇಡವೆಂದು ತಡೆದು, ನಾವು ತಂದುಕೊಟ್ಟ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರು. ಮುಖಕ್ಕೆ ಕರ್ಚೀಫಿನ ಬದಲು ಫಿಲ್ಟರಿನ ಮಾಸ್ಕ್. ಕರ್ಚೀಫು, ನೀಲಿ ಸರ್ಜಿಕಲ್ ಮಾಸ್ಕು ಈ ಧೂಳಿಗೆ ಯಾವ ತಡೆಯೂ ಅಲ್ಲ. ಹುಡುಗನ ಕಾರಿನಲ್ಲಿ ಕಲ್ನಾರು ಇದ್ದಿರಲಾರದು. ಆದರೆ ನಾಳೆ ಬರುವ ಯಾವುದೋ ಹಳೆಯ ಲಾರಿಯಲ್ಲಿ ಏನಿದೆಯೋ, ಕೈಗೆ ಒಂದೇ ಅಭ್ಯಾಸ ಕೂತರೆ ಒಳ್ಳೆಯದು ಎಂದರು.

ಸಂಜೆ ಕಾರು ಹೊರಗೆ ಬಂತು. ಹುಡುಗ ಮೊದಲ ಗೇರಿನಲ್ಲಿ ಎರಡು ಅಂಗಡಿಯಷ್ಟು ದೂರ ಹೋಗಿ, ನಿಲ್ಲಿಸಿ, ಮತ್ತೆ ಎತ್ತಿದ. ಕುಪ್ಪಳಿಸಲಿಲ್ಲ. ಅಣ್ಣ ನಮ್ಮ ಕಡೆ ತಿರುಗಿ, "ಈಗ ಚೂರು ಜಾರ್ತ್, ಕಂಡ್ಯಾ?" ಎಂದರು.

ಮೆಡಿಕಲ್ ಪಾಸಾಯಿತು. ಆ ಎಕ್ಸ್‌ರೇ ಹುಡುಕುವುದು ಕ್ಷಯವನ್ನು. ಕಲ್ನಾರಿನ ಗುರುತು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಅದಕ್ಕೆ ಬೇರೆಯಾಗಿ ಎದೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕುಂದಾಪುರದ ಲೈನಿಂಗಿನ ಕತೆಯನ್ನು ಅಣ್ಣ ಮೊದಲ ಬಾರಿಗೆ ಒಬ್ಬ ಡಾಕ್ಟರಿಗೆ ಹೇಳಿದರು, ಅವರು ಅದನ್ನು ಫೈಲಿನಲ್ಲಿ ಬರೆದುಕೊಂಡರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಕೆಮ್ಮು ಬೇರೆ ಕಾರಣದ್ದು, ಬೀಡಿ ಬಿಡಿ, ವರ್ಷಕ್ಕೊಮ್ಮೆ ಬನ್ನಿ ಎಂದರು. ಬೀಡಿ ಬಿಟ್ಟಿದ್ದಾರೆ. ಗ್ಯಾರೇಜಿನ ನೀಲಿ ಬಟ್ಟೆಯನ್ನು ಈಗ ರೂಮಿನೊಳಗೆ ತರುವುದಿಲ್ಲ. ಬಾಲ್ಕನಿಯಲ್ಲಿ ಅದಕ್ಕೇ ಒಂದು ಕೆಂಪು ಬಕೆಟ್ ಇಟ್ಟಿದ್ದೇವೆ.